ಯಾರ ರುಜು?

ನ್ಯಾಯಶಾಸ್ತ್ರದ ಅಧ್ಯಾಪಕರೆಂದು ತಿಳಿದೊಡನೆ ಜನರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ತಾವು ಯಾವ ಕಾಯಿದೆಯ ಪಾಠ ಹೇಳುತ್ತೀರಿ? ಆಸ್ತಿಯ ಕಾಯಿದೆಯೆಂದು ಉತ್ತರವಿತ್ತ ನಮ್ಮ ಸಹೋದ್ಯೋಗಿಗಳ ಬಳಿಗೆ ಜನರು ಕುರ್ಚಿಯನ್ನು ಎಳೆದುಕೊಂಡು ಬಂದು, ಹಿತ್ತಿಲ ಬೇಲಿಯ ವ್ಯಾಜ್ಯವನ್ನು ಮೊದಲಿನಿಂದ ಕಡೆಯವರೆಗೆ ಬಿನ್ನವಿಸುತ್ತಿದ್ದರು. ಅಪರಾಧದ ಕಾಯಿದೆಯೆಂದವರಿಗೆ ಪತ್ರಿಕೆಯಲ್ಲಿ ಬಂದ ಕೊಲೆಯ ವೃತ್ತಾಂತವನ್ನು ವಿಚಾರಿಸುತ್ತಿದ್ದರು. ನಾವು ಮೂವತ್ತು ವರ್ಷಗಳಿಗೂ ಮೀರಿ ಹೇಳಿದ ಪಾಠ ಇವೆರಡೂ ಅಲ್ಲ. ಬಸಿರು, ಬಾಣಂತನ, ಗರ್ಭನಿರೋಧ, ಗರ್ಭಪಾತ, ಸಂತಾನವಿಲ್ಲದವರ ಚಿಕಿತ್ಸೆ, ಈ ವಿಷಯಗಳಲ್ಲಿ ಕಾಯಿದೆ ಏನನ್ನು ವಿಧಿಸುತ್ತದೆ, ನೀತಿ ಏನನ್ನು ಬಯಸುತ್ತದೆ ಎಂಬುದೇ ನಮ್ಮ ಪಾಠ. ಪ್ರಜನನಾರೋಗ್ಯದ ಕಾಯಿದೆ ಮತ್ತು ಜೀವನೀತಿಶಾಸ್ತ್ರ ಎಂದು ಇದಕ್ಕೆ ದೊಡ್ಡ ಹೆಸರುಂಟು. ಈ ಹೆಸರನ್ನು ಕೇಳಿದೊಡನೆ ಗಂಡಸರು ಮಾತನ್ನು ಮಳೆಬೆಳೆಯ ಕಡೆಗೆ ತಿರುಗಿಸುತ್ತಿದ್ದರು. ಹೆಂಗಸರೂ ಸುಮ್ಮನಿರುತ್ತಿದ್ದರು, ಆದರೆ ನಾವು ನೀರು ಕುಡಿಯಲೆಂದು ಒಳಗೆ ಹೋದರೆ ಒಬ್ಬೊಬ್ಬರಾಗಿ ಅಡಿಗೆಮನೆಗೆ ಬರುತ್ತಿದ್ದರು.

ಹಾಗೆ ಅಡಿಗೆಮನೆಗಳಲ್ಲಿ ತಗ್ಗಿದ ದನಿಯಲ್ಲಿ ಕೇಳಿದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದರೆ ಒಂದು ಗ್ರಂಥವೇ ಆಗುತ್ತಿತ್ತು. ಒಬ್ಬಾಕೆಗೆ ಮೂರು ಹೆರಿಗೆಗಳಾಗಿವೆ, ನಾಲ್ಕನೆಯದು ಬೇಡ. ಇನ್ನೊಬ್ಬಾಕೆಯ ಮಗಳಿಗೆ ಗರ್ಭಕೋಶವನ್ನು ತೆಗೆಯಬೇಕೆಂದು ವೈದ್ಯರು ಹೇಳಿದ್ದಾರೆ. ಮತ್ತೊಬ್ಬಾಕೆಯ ಗಂಡ ಊರು ಬಿಟ್ಟು ಹೋಗಿ ವರ್ಷವಾಗಿದೆ. ಕಥೆಗಳು ಬೇರೆ ಬೇರೆ, ಆದರೆ ಕೊನೆಗೆ ಎಲ್ಲವೂ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ: “ಮನೆಯವರ ರುಜು ಇಲ್ಲದೆ ಆಗುವುದಿಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿದರು. ಕಾಯಿದೆ ಹಾಗೆಯೇ ಇದೆಯೆ?” ನಮ್ಮ ಅಧ್ಯಾಪನದ ಕಾಲವೆಲ್ಲ ಈ ಒಂದು ಪ್ರಶ್ನೆಗೆ ಉತ್ತರ ಹೇಳುವುದರಲ್ಲಿಯೇ ಕಳೆಯಿತೆಂದರೆ ಅತಿಶಯೋಕ್ತಿಯಾಗದು. ಕುಟುಂಬದವರೆಲ್ಲ ಓದುವ ಈ ಪತ್ರಿಕೆಯಲ್ಲಿ ಆ ಉತ್ತರವನ್ನು ಬಹಿರಂಗವಾಗಿ ಬರೆಯುವುದು ಅನುಚಿತವಲ್ಲವೆಂದು ನಂಬಿದ್ದೇವೆ.

ನಾವು ವೃತ್ತಿಗೆ ಸೇರಿದ್ದು ೧೯೮೯ರಲ್ಲಿ. ಆಗ ಈ ವಿಷಯಕ್ಕೆ ಕಾಲೇಜಿನಲ್ಲಿ ಪ್ರತ್ಯೇಕವಾದ ಪೀಠವಾಗಲಿ ಪಠ್ಯವಾಗಲಿ ಇರಲಿಲ್ಲ. ದಂಡಸಂಹಿತೆಯ ಪಾಠದಲ್ಲಿ, ಕೊಲೆ ಮುಗಿದು ಗಾಯದ ಅಪರಾಧಗಳು ಮೊದಲಾಗುವ ಮುನ್ನ, ೩೧೨ನೆಯ ಕಲಮಿನಿಂದ ನಾಲ್ಕೈದು ಕಲಮುಗಳಷ್ಟು ಇದರ ಗಡಿ. ೧೮೬೦ರ ಆ ಸಂಹಿತೆಯ ಪ್ರಕಾರ, ತಾಯಿಯ ಪ್ರಾಣರಕ್ಷಣೆಗಾಗಿ ಸದ್ಬುದ್ಧಿಯಿಂದ ಮಾಡಿದುದರ ಹೊರತು ಗರ್ಭವನ್ನು ಕೆಡಿಸುವುದು ಅಪರಾಧ. ಅದಕ್ಕೆ ಮೂರು ವರ್ಷ ಸೆರೆಮನೆ. ಗರ್ಭ ಬೆಳೆದು ಮಿಸುಕಾಡುವಂತಾಗಿದ್ದರೆ ಏಳು ವರ್ಷ. ತನ್ನ ಗರ್ಭವನ್ನು ತಾನೇ ಕೆಡಿಸಿಕೊಂಡ ಹೆಂಗಸೂ ಅಪರಾಧಿಯೇ. ಆದರೆ ಆ ಕಠಿನ ಸಂಹಿತೆಯೂ ಒಂದು ಮಾತನ್ನು ಮರೆತಿರಲಿಲ್ಲ: ಹೆಂಗಸಿನ ಒಪ್ಪಿಗೆಯಿಲ್ಲದೆ ಗರ್ಭವನ್ನು ಕೆಡಿಸಿದವನಿಗೆ ಹತ್ತು ವರ್ಷಗಳವರೆಗೆ, ಇಲ್ಲವೆ ಜೀವಾವಧಿ ಶಿಕ್ಷೆ. ೨೦೨೪ನೆಯ ಇಸವಿ ಜುಲೈ ೧ರಂದು ಆ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗಲೂ ಈ ಕಲಮುಗಳು ಹೊಸ ಅಂಕೆಗಳನ್ನು ಧರಿಸಿ ಉಳಿದುಕೊಂಡಿವೆ.

ದಂಡಸಂಹಿತೆಗೆ ಹೆದರಿ ಹೆಂಗಸರು ಗರ್ಭಪಾತವನ್ನು ಬಿಡಲಿಲ್ಲ, ವೈದ್ಯರನ್ನು ಬಿಟ್ಟರು. ಕಡ್ಡಿ, ಬೇರು, ಕಷಾಯ, ಹಿತ್ತಿಲಿನ ಚಿಕಿತ್ಸೆ, ಇವುಗಳಿಂದ ಎಷ್ಟು ಮನೆಗಳ ದೀಪ ನಂದಿತೋ ಲೆಕ್ಕವಿಟ್ಟವರಿಲ್ಲ. ಈ ಅನರ್ಥವನ್ನು ಪರಿಶೀಲಿಸಲು ೧೯೬೪ರಲ್ಲಿ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಏರ್ಪಟ್ಟು, ೧೯೬೬ರ ಕೊನೆಯಲ್ಲಿ ವರದಿಯನ್ನು ಒಪ್ಪಿಸಿತು. ಅದರ ಫಲವಾಗಿ ವೈದ್ಯಕೀಯ ಗರ್ಭಸಮಾಪ್ತಿಯ ಕಾಯಿದೆ ೧೯೭೧ರಲ್ಲಿ ಹುಟ್ಟಿ, ೧೯೭೨ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಅದರ ಮೂರನೆಯ ಕಲಮಿನ ನಾಲ್ಕನೆಯ ಉಪಕಲಮನ್ನು ನಾವು ಪ್ರತಿವರ್ಷವೂ ವಿದ್ಯಾರ್ಥಿಗಳಿಂದ ಗಟ್ಟಿಯಾಗಿ ಓದಿಸುತ್ತಿದ್ದೆವು. ಹದಿನೆಂಟು ವರ್ಷ ತುಂಬದವಳಿಗೂ ಮನೋರೋಗಿಗೂ ಪೋಷಕರ ಲಿಖಿತ ಒಪ್ಪಿಗೆ ಬೇಕು. ಉಳಿದ ಎಲ್ಲರ ವಿಷಯದಲ್ಲಿ ಗರ್ಭಿಣಿಯ ಒಪ್ಪಿಗೆಯ ಹೊರತು ಗರ್ಭವನ್ನು ತೆಗೆಯಕೂಡದು. ಅಷ್ಟೇ. ಗಂಡನ ಒಪ್ಪಿಗೆ ಬೇಕೆಂದು ಅಲ್ಲಿ ಇಲ್ಲ; ಅತ್ತೆಯ, ಮಾವನ, ಅಣ್ಣನ ಒಪ್ಪಿಗೆಯೂ ಇಲ್ಲ. ಓದಿ ಮುಗಿಸಿದ ಹುಡುಗರು ಪುಟವನ್ನು ತಿರುವಿ ಇನ್ನೇನಾದರೂ ಉಂಟೆ ಎಂದು ಹುಡುಕುತ್ತಿದ್ದುದನ್ನು ನೋಡುವುದೇ ನಮಗೊಂದು ವಿನೋದವಾಗಿತ್ತು.

ಆ ಕಾಯಿದೆಯಲ್ಲಿ ಗಂಡನ ಮಾತು ಬರುವುದೇ ಇಲ್ಲವೆಂದಲ್ಲ. ವಿವಾಹಿತೆಯಾದವಳು ಅಥವಾ ಅವಳ ಗಂಡನು ಬಳಸಿದ ಗರ್ಭನಿರೋಧಕವು ವಿಫಲವಾಗಿ ಗರ್ಭ ನಿಂತರೆ, ಆ ಸಂಕಟವನ್ನು ಅವಳ ಮನಸ್ಸಿನ ಆರೋಗ್ಯಕ್ಕೆ ಆದ ದೊಡ್ಡ ಹಾನಿಯೆಂದು ಭಾವಿಸಬಹುದೆಂದು ೧೯೭೧ರ ವಿವರಣೆ ಹೇಳುತ್ತಿತ್ತು. ೨೦೨೧ರ ತಿದ್ದುಪಡಿಯಲ್ಲಿ ‘ವಿವಾಹಿತೆ’ ಎಂಬಲ್ಲಿ ಯಾವುದೇ ಹೆಂಗಸೆಂದೂ ‘ಗಂಡ’ ಎಂಬಲ್ಲಿ ಸಂಗಾತಿಯೆಂದೂ ಬದಲಾಯಿತು. ಇಪ್ಪತ್ತು ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಇಪ್ಪತ್ತರಿಂದ ಇಪ್ಪತ್ತನಾಲ್ಕು ವಾರಗಳವರೆಗೆ, ನಿಯಮಗಳಲ್ಲಿ ಹೆಸರಿಸಿದ ಕೆಲವು ವರ್ಗದವರಿಗೆ, ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅದನ್ನೂ ಮೀರಿದ ಮೇಲೆ ಭ್ರೂಣದಲ್ಲಿ ತೀವ್ರವಾದ ನ್ಯೂನತೆಯಿದ್ದರೆ ವೈದ್ಯಮಂಡಲಿ ತೀರ್ಮಾನಿಸಬೇಕು. ಇಷ್ಟೆಲ್ಲ ಬದಲಾದರೂ ಒಪ್ಪಿಗೆಯ ಆ ಒಂದು ಸಾಲು ಕದಲಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದುದಲ್ಲ. ಕೆಲವು ವರ್ಷಗಳ ಹಿಂದೆ ನಮಗೇ ಒಂದು ಶಸ್ತ್ರಚಿಕಿತ್ಸೆ ಅವಶ್ಯವಾಯಿತು. ಊರಿನ ಹೆಸರೂ ಆಸ್ಪತ್ರೆಯ ಹೆಸರೂ ಇಲ್ಲಿ ಬೇಡ. ಅಲ್ಲಿ ನಡೆದುದು ಎಲ್ಲಿ ಬೇಕಾದರೂ ನಡೆಯುವಂಥದು. ಕಾಗದಗಳನ್ನು ಓದಿ ನಾವು ರುಜು ಮಾಡಿ ಕೊಟ್ಟೆವು. ದಾದಿಯು ಅವನ್ನು ತಿರುವಿ ನೋಡಿ, “ಯಜಮಾನರ ರುಜು ಎಲ್ಲಿ?” ಎಂದಳು. ಅವರು ಪರಸ್ಥಳದಲ್ಲಿದ್ದಾರೆ, ನಾಳೆ ಬರುತ್ತಾರೆ, ನಮ್ಮ ರುಜು ಆಗಿದೆಯಲ್ಲ ಎಂದೆವು. “ಅದು ಸರಿ ಅಮ್ಮ, ಆದರೆ ಇದು ಜವಾಬ್ದಾರರ ರುಜು” ಎಂದಳು. ನೂರಾರು ವಿದ್ಯಾರ್ಥಿಗಳ ಅಂಕಪಟ್ಟಿಗಳಿಗೆ ರುಜು ಹಾಕಿದ ಕೈ ತನ್ನ ಒಡಲಿನ ಮಟ್ಟಿಗೆ ಜವಾಬ್ದಾರಿಯುಳ್ಳದ್ದಲ್ಲವೆಂದು ಆ ದಿನ ತಿಳಿದುಬಂದಿತು. ಶಸ್ತ್ರವೈದ್ಯರು ಬಂದಾಗ ಇದು ಯಾವ ಕಾಯಿದೆಯೆಂದು ವಿಚಾರಿಸಿದೆವು. ಅವರು ನಕ್ಕು, “ಕಾಯಿದೆಯಲ್ಲ, ನಮ್ಮ ರಕ್ಷಣೆ” ಎಂದರು. ಮರುದಿನ ಬಂದ ನಮ್ಮ ಯಜಮಾನರು ಆ ಕಾಗದವನ್ನು ಎರಡು ಸಲ ಓದಿ, “ರೋಗಿಯ ಒಪ್ಪಿಗೆಯೇ ಒಪ್ಪಿಗೆ, ನಾನು ಸಾಕ್ಷಿ ಮಾತ್ರ” ಎಂದು ತಮ್ಮ ಕೈಯಿಂದ ಬರೆದು ಅದರ ಕೆಳಗೆ ರುಜು ಮಾಡಿದರು.

ನಮಗೆ ಒಂದು ದಿನ ತಡವಾಯಿತು, ಅಷ್ಟೇ. ಆದರೆ ಪಕ್ಕದ ಮಂಚದಲ್ಲಿದ್ದ ಹೆಂಗಸಿನ ಗಂಡ ಲಾರಿಯನ್ನು ನಡೆಸುವವನು. ಉತ್ತರದ ಯಾವ ಹೆದ್ದಾರಿಯಲ್ಲಿದ್ದನೋ ಅವಳಿಗೂ ನಿಶ್ಚಯವಿರಲಿಲ್ಲ. ಅವಳು ನಾಲ್ಕು ದಿನಗಳಿಂದ ನೋವನ್ನು ನುಂಗಿಕೊಂಡು ಅವನ ರುಜುವಿಗಾಗಿ ಕಾಯುತ್ತಿದ್ದಳು. ಅವಳಿಗೆ ಕಾಯಿದೆ ಗೊತ್ತಿರಲಿಲ್ಲ, ನಮಗೆ ಗೊತ್ತಿತ್ತು, ಇಬ್ಬರೂ ಕಾದೆವು. ಕಾಯಿದೆಯು ಪುಸ್ತಕದಲ್ಲಿ ಇರುವುದಕ್ಕೂ ಮಂಚದ ಬಳಿಗೆ ಬರುವುದಕ್ಕೂ ಎಷ್ಟು ದೂರವೆಂಬುದನ್ನು ಆ ನಾಲ್ಕು ದಿನಗಳು ನಮಗೆ ಎಲ್ಲ ಗ್ರಂಥಗಳಿಗಿಂತಲೂ ಸ್ಪಷ್ಟವಾಗಿ ತಿಳಿಸಿದವು.

ವೈದ್ಯರನ್ನು ದೂರುವುದು ಸುಲಭ. ಆದರೆ ಅವರು ಹೆದರುವುದಕ್ಕೂ ಕಾರಣವಿಲ್ಲದಿಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅದು ಮಲಗುವ ಹೊತ್ತನ್ನು ಮೀರಿ ನ್ಯಾಯಸ್ಥಾನವನ್ನು ಹೊಕ್ಕರೆ ವೈದ್ಯನ ಹೆಸರೂ ಅರ್ಜಿಯಲ್ಲಿ ಸೇರುತ್ತದೆ. ೨೦೦೭ರಲ್ಲಿ ಸುಪ್ರೀಂ ಕೋರ್ಟು ಒಂದು ವಿಚ್ಛೇದನದ ಮೊಕದ್ದಮೆಯಲ್ಲಿ ಮಾನಸಿಕ ಕ್ರೌರ್ಯಕ್ಕೆ ಉದಾಹರಣೆಗಳನ್ನು ಕೊಡುತ್ತಾ, ಕಾರಣವಿಲ್ಲದೆ ಹಾಗೂ ಇನ್ನೊಬ್ಬರ ಒಪ್ಪಿಗೆಯಾಗಲಿ ತಿಳಿವಳಿಕೆಯಾಗಲಿ ಇಲ್ಲದೆ ಗಂಡನು ಸಂತಾನಹರಣ ಚಿಕಿತ್ಸೆಯನ್ನು ಮಾಡಿಸಿಕೊಳ್ಳುವುದನ್ನೂ ಹೆಂಡತಿಯು ಗರ್ಭಪಾತ ಮಾಡಿಸಿಕೊಳ್ಳುವುದನ್ನೂ ಹೆಸರಿಸಿತು. ಒಂದು ಕಾಯಿದೆ ಬೇಡವೆಂದುದನ್ನು ಇನ್ನೊಂದು ಕಾಯಿದೆ ಬಾಗಿಲ ಸಂದಿಯಿಂದ ಒಳಗೆ ಕರೆಯಿತಲ್ಲವೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದುದೇ. ದಾಂಪತ್ಯ ಮುರಿದುದಕ್ಕೆ ಕಾರಣವೇನೆಂಬುದು ಒಂದು ವಿಚಾರ. ಚಿಕಿತ್ಸೆಗೆ ಯಾರ ಅಪ್ಪಣೆ ಬೇಕೆಂಬುದು ಬೇರೊಂದು. ತನ್ನ ಒಪ್ಪಿಗೆಯಿಲ್ಲದೆ ಹೆಂಡತಿ ಗರ್ಭವನ್ನು ತೆಗೆಸಿಕೊಂಡಳೆಂದು ಅವಳ ಮೇಲೂ ವೈದ್ಯರ ಮೇಲೂ ಗಂಡನೊಬ್ಬನು ಪರಿಹಾರ ಕೋರಿ ದಾವೆ ಹೂಡಿದಾಗ, ಪಂಜಾಬ್ ಮತ್ತು ಹರಿಯಾಣಾ ಹೈಕೋರ್ಟು ೨೦೧೧ರಲ್ಲಿ ಅದನ್ನು ಒಪ್ಪಲಿಲ್ಲ; ೨೦೧೭ರಲ್ಲಿ ಸುಪ್ರೀಂ ಕೋರ್ಟೂ ಅವನ ಮನವಿಯನ್ನು ತಳ್ಳಿಹಾಕಿತು.

ಈ ವಿಷಯಕ್ಕೆ ತರಗತಿಯಲ್ಲಿ ಸ್ವತಂತ್ರವಾದ ಸ್ಥಾನ ದೊರೆತ ಬಗೆಯನ್ನೂ ಹೇಳಬೇಕು. ೧೯೯೪ರ ಸೆಪ್ಟೆಂಬರಿನಲ್ಲಿ ಈಜಿಪ್ಟಿನ ಕೈರೋ ನಗರದಲ್ಲಿ ನಡೆದ ಜನಸಂಖ್ಯೆಯ ಸಮ್ಮೇಳನದಲ್ಲಿ ೧೭೯ ದೇಶಗಳು ಸೇರಿ, ತಲೆಯೆಣಿಕೆಯ ಗುರಿಗಳನ್ನು ಬಿಟ್ಟು ಹೆಂಗಸಿನ ಆರೋಗ್ಯವನ್ನೂ ಅವಳ ಹಕ್ಕನ್ನೂ ಮುಂದಿಟ್ಟುಕೊಳ್ಳಬೇಕೆಂದು ಸಮ್ಮತಿಸಿದವು. ಕೆನಡಾದ ಟೊರಾಂಟೋ ವಿಶ್ವವಿದ್ಯಾನಿಲಯದಲ್ಲಿ ರೆಬೆಕ್ಕಾ ಕುಕ್ ಮತ್ತು ಬರ್ನಾರ್ಡ್ ಡಿಕನ್ಸ್ ಎಂಬ ನ್ಯಾಯಶಾಸ್ತ್ರದ ಪಂಡಿತರು ಈ ವಿಷಯವನ್ನು ದಶಕಗಳ ಕಾಲ ಬೆಳೆಸಿದರು. ಈಜಿಪ್ಟಿನ ಪ್ರಸೂತಿತಜ್ಞ ಮಹಮೂದ್ ಫತಲ್ಲಾ ಅವರೊಡಗೂಡಿ ಅವರಿಬ್ಬರೂ ೨೦೦೩ರಲ್ಲಿ ಪ್ರಕಟಿಸಿದ ಗ್ರಂಥವು ನಮ್ಮ ಕೈ ಸೇರಿದಾಗ, ಕಾಡುದಾರಿಯಲ್ಲಿ ಒಂಟಿಯಾಗಿ ನಡೆಯುವವರಿಗೆ ಮುಂದೆ ಲಾಂದ್ರ ಕಂಡಂತಾಯಿತು. ಆದರೆ ನಮ್ಮ ಪಠ್ಯಸಮಿತಿಯ ಹಿರಿಯರಲ್ಲಿ ಕೆಲವರು, ಇದು ವೈದ್ಯರಿಗೆ ಸೇರಿದ ವಿಷಯವೆಂದರು. ವೈದ್ಯಕಾಲೇಜಿನ ಸ್ನೇಹಿತರನ್ನು ಕೇಳಿದರೆ ಇದು ವಕೀಲರಿಗೆ ಸೇರಿದ್ದೆಂದರು. ಎರಡು ಮನೆಯ ನೆಂಟ ಉಪವಾಸವಿದ್ದಂತೆ ಆಯಿತು ನಮ್ಮ ಸ್ಥಿತಿ. ಕೊನೆಗೆ ಐಚ್ಛಿಕ ವಿಷಯವಾಗಿ ಅನುಮತಿ ದೊರೆತ ವರ್ಷ ಸೇರಿದವರು ಏಳು ಮಂದಿ, ಎಲ್ಲರೂ ಹುಡುಗಿಯರು. ಕಡೆಯ ವರ್ಷಗಳಲ್ಲಿ ಕೊಠಡಿ ಸಾಲುತ್ತಿರಲಿಲ್ಲ, ಅರ್ಧದಷ್ಟು ಹುಡುಗರೇ ಇರುತ್ತಿದ್ದರು.

ನಮ್ಮ ಪಾಠಕ್ಕೆ ನೆಲಗಟ್ಟಾದ ತೀರ್ಪು ೨೦೦೮ರ ಜನವರಿ ೧೬ರಂದು ಬಂದಿತು. ೧೯೯೫ರಲ್ಲಿ ದೆಹಲಿಯಲ್ಲಿ ೪೪ ವರ್ಷದ ಅವಿವಾಹಿತೆಯೊಬ್ಬಳು ರಕ್ತಸ್ರಾವದ ಬಾಧೆಗಾಗಿ ವೈದ್ಯರ ಬಳಿಗೆ ಹೋದಳು. ಒಳಗೆ ಏನಿದೆಯೆಂದು ನೋಡುವ ಪರೀಕ್ಷೆಗೆ ಒಪ್ಪಿದಳು. ಅವಳು ಮದ್ದಿನಿಂದ ಪ್ರಜ್ಞೆ ತಪ್ಪಿ ಮಲಗಿದ್ದಾಗ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆಯನ್ನು ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದರು. ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದು ಸುಪ್ರೀಂ ಕೋರ್ಟಿಗೆ ಹೋಗಿದ್ದ ಆರ್.ವಿ. ರವೀಂದ್ರನ್ ಅವರು ಬರೆದ ಆ ತೀರ್ಪಿನ ಸಾರಾಂಶ ಇದು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟುದಲ್ಲ, ಪ್ರಾಣಾಪಾಯವಿಲ್ಲದಿರುವಾಗ, ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕಳ ಬದಲಾಗಿ ತಾಯಿಯೂ ಒಪ್ಪಿಗೆ ಕೊಡಲಾರಳು. ತಾಯಿಯ ಪ್ರೀತಿಯಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಪ್ರೀತಿ ಬೇರೆ, ಅಧಿಕಾರ ಬೇರೆ ಎಂಬುದೇ ಆ ತೀರ್ಪು ಕಲಿಸಿದ ಪಾಠ.

ಮರುವರ್ಷ ಚಂಡೀಗಢದಿಂದ ಇನ್ನೂ ಜಟಿಲವಾದ ಪ್ರಕರಣ ಬಂದಿತು. ಸರ್ಕಾರದ ಆಶ್ರಯದಲ್ಲಿದ್ದ, ಬುದ್ಧಿಯ ಬೆಳವಣಿಗೆ ಕುಂಠಿತವಾಗಿದ್ದ ಅನಾಥ ತರುಣಿಯೊಬ್ಬಳು ಅಲ್ಲಿಯೇ ಅತ್ಯಾಚಾರಕ್ಕೆ ಗುರಿಯಾಗಿ ಗರ್ಭಿಣಿಯಾದಳು. ಅವಳ ಹಿತಕ್ಕಾಗಿಯೇ ಗರ್ಭವನ್ನು ತೆಗೆಯಬೇಕೆಂದು ಹೈಕೋರ್ಟು ಆಜ್ಞಾಪಿಸಿತು. ಅವಳಾದರೋ ಮಗು ಬೇಕೆಂದಳು. ಕಾಯಿದೆಯಲ್ಲಿ ಪೋಷಕರ ಒಪ್ಪಿಗೆಯಿರುವುದು ಮನೋರೋಗಿಗೆ, ಬುದ್ಧಿಮಾಂದ್ಯವುಳ್ಳವಳಿಗಲ್ಲ; ಅವಳು ಬೇಡವೆಂದ ಮೇಲೆ ತೆಗೆಯಕೂಡದೆಂದು ಸುಪ್ರೀಂ ಕೋರ್ಟು ೨೦೦೯ರಲ್ಲಿ ಹೇಳಿತು. ಹೆರುವ ಆಯ್ಕೆಯೂ ಹೆರದಿರುವ ಆಯ್ಕೆಯೂ ಸಂವಿಧಾನದ ೨೧ನೆಯ ವಿಧಿಯ ಸ್ವಾತಂತ್ರ್ಯದೊಳಗೇ ಸೇರಿವೆಯೆಂದೂ ಸಾರಿತು. ಈ ತೀರ್ಪನ್ನು ಓದಿಸಿದ ದಿನ ತರಗತಿಯಲ್ಲಿ ಯಾವಾಗಲೂ ಗದ್ದಲ. ಹೆಂಗಸಿನ ಹಕ್ಕಿಗಾಗಿ ಎತ್ತರದ ದನಿಯಲ್ಲಿ ವಾದಿಸುತ್ತಿದ್ದವರೇ, “ಅವಳಿಗೇನು ತಿಳಿದೀತು?” ಎನ್ನುತ್ತಿದ್ದರು. ಆ ಎರಡು ಶಬ್ದಗಳೊಳಗಿನ ತೂಕವನ್ನು ಅವರೇ ಕಂಡುಕೊಳ್ಳಲಿ ಎಂದು ನಾವು ಸುಮ್ಮನಿರುತ್ತಿದ್ದೆವು. ಹೆಂಗಸಿಗೆ ಏನು ತಿಳಿದೀತು ಎಂದು ಹೇಳಿಯೇ ಅಲ್ಲವೆ ಇಷ್ಟು ಕಾಲ ಅವಳ ಬದಲು ಬೇರೆಯವರು ರುಜು ಮಾಡುತ್ತ ಬಂದುದು?

ಜೀವನೀತಿಶಾಸ್ತ್ರವನ್ನು ಓದುವವರಿಗೆ ಅಮೆರಿಕದ ಬೀಚಮ್ ಮತ್ತು ಚಿಲ್ಡ್ರೆಸ್ ಎಂಬ ವಿದ್ವಾಂಸರು ೧೯೭೯ರಲ್ಲಿ ನಿರೂಪಿಸಿದ ನಾಲ್ಕು ತತ್ತ್ವಗಳು ಪರಿಚಿತವಾಗಿರುತ್ತವೆ: ರೋಗಿಯ ಸ್ವಾತಂತ್ರ್ಯವನ್ನು ಗೌರವಿಸುವುದು, ಕೇಡು ಮಾಡದಿರುವುದು, ಒಳಿತನ್ನು ಮಾಡುವುದು, ನ್ಯಾಯವಾಗಿ ಹಂಚುವುದು. ಕೊನೆಯ ಮೂರನ್ನು ನಮ್ಮ ಮನೆಗಳಲ್ಲಿ ಯಾರೂ ಆಕ್ಷೇಪಿಸುವುದಿಲ್ಲ. ಮೊದಲನೆಯದನ್ನು ಹೇಳಿದೊಡನೆ, ಇದು ಹೊರಗಿನ ಮಾತು, ನಮ್ಮದು ಕೂಡಿ ಬಾಳುವ ಸಂಸಾರ, ಇಲ್ಲಿ ಒಬ್ಬಳೇ ನಿಶ್ಚಯಿಸುವುದೆಂದರೇನು ಎಂದು ಹಿರಿಯರು ಕೇಳುತ್ತಾರೆ. ಈ ಆಕ್ಷೇಪವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಬಾಣಂತಿಗೆ ನೀರೆರೆಯುವ ಅತ್ತೆ, ರಾತ್ರಿ ಎಚ್ಚರವಿದ್ದು ಮಗುವನ್ನು ತೂಗುವ ನಾದಿನಿ, ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಮಲಗುವ ಗಂಡ, ಇವರನ್ನೆಲ್ಲ ಹೊರಗಿನವರೆಂದು ಹೇಳುವ ನೀತಿ ನಮಗೆ ಬೇಡ. ಆದರೆ ಸಲಹೆಯನ್ನು ಕೇಳುವುದು ಒಂದು, ಲೇಖನಿಯನ್ನೇ ಒಪ್ಪಿಸಿಬಿಡುವುದು ಇನ್ನೊಂದು. ಮನೆಯವರೆಲ್ಲ ಕೂಡಿ ಮಾತನಾಡಲಿ, ಅಳಲಿ, ಜಗಳವನ್ನೂ ಆಡಲಿ; ಕಡೆಯ ಮಾತು ಮಾತ್ರ ಯಾರ ಒಡಲೋ ಅವರದಾಗಿರಲಿ. ಇನ್ನು ಹೊರಗಿನ ಮಾತೆಂಬುದಕ್ಕೆ ಉತ್ತರ: ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ಸರ್ಕಾರವೇ ತೆರೆಯಬೇಕೆಂದು ಮೈಸೂರು ಸಂಸ್ಥಾನವು ಆಜ್ಞೆ ಹೊರಡಿಸಿದ್ದು ೧೯೩೦ರಲ್ಲಿ. ಆಗ ಜಗತ್ತಿನ ದೊಡ್ಡ ದೊಡ್ಡ ಸರ್ಕಾರಗಳೂ ಆ ಹೆಸರನ್ನೆತ್ತಲು ಅಂಜುತ್ತಿದ್ದವು.

ಹಾಗಾದರೆ ಹೆಂಗಸಿನ ರುಜು ಬಿದ್ದರೆ ಎಲ್ಲವೂ ಸರಿಹೋಯಿತೆ? ಇಲ್ಲ. ಸಂಸ್ಕೃತದ ಋಜು ಎಂದರೆ ನೇರವಾದುದು. ಕಛೇರಿಯ ರುಜು ಯಾವಾಗಲೂ ಋಜುವಾಗಿರುವುದಿಲ್ಲ. ೨೦೧೨ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಒಂದು ಶಾಲೆಯ ಕಟ್ಟಡದಲ್ಲಿ, ಒಂದೇ ರಾತ್ರಿ ಎರಡು ಗಂಟೆಗಳ ಅವಧಿಯಲ್ಲಿ ೫೩ ಹೆಂಗಸರಿಗೆ ಒಬ್ಬನೇ ಶಸ್ತ್ರವೈದ್ಯನು ಸಂತಾನಹರಣ ಚಿಕಿತ್ಸೆಯನ್ನು ಮಾಡಿದನು. ದೇವಿಕಾ ಬಿಸ್ವಾಸ್ ಅವರು ಇದನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟರು. ೨೦೧೬ರ ತೀರ್ಪಿನಲ್ಲಿ ನ್ಯಾಯಾಲಯವು ಇಂತಹ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದೂ, ಚಿಕಿತ್ಸೆಯ ಪರಿಣಾಮವನ್ನು ಹೆಂಗಸಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕೆಂದೂ, ಯೋಚಿಸಲು ಅವಕಾಶ ಕೊಡಬೇಕೆಂದೂ ವಿಧಿಸಿತು. ಇದು ಹೆಂಗಸರ ಗೋಳು ಮಾತ್ರವೆಂದು ಗಂಡಸರು ತಿಳಿಯಬಾರದು. ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬-೭೭ರ ಒಂದೇ ವರ್ಷದಲ್ಲಿ, ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಬಹುಭಾಗ ಗಂಡಸರದು. ಹೆಬ್ಬೆಟ್ಟಿನ ಗುರುತುಗಳಿಗೆ ಆಗಲೂ ಕೊರತೆಯಿರಲಿಲ್ಲ. ಆ ಭೀತಿಯ ನಂತರ ಭಾರವೆಲ್ಲ ಹೆಂಗಸರ ಮೇಲೆ ಬಿದ್ದಿತು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ವಿವಾಹಿತೆಯರಲ್ಲಿ ಸಂತಾನಹರಣ ಚಿಕಿತ್ಸೆಯನ್ನು ತಾವೇ ಮಾಡಿಸಿಕೊಂಡವರು ನೂರಕ್ಕೆ ೩೭.೯, ಗಂಡಂದಿರಿಗೆ ಆಗಿದ್ದುದು ನೂರಕ್ಕೆ ೦.೩.

ಇದಕ್ಕಿಂತಲೂ ಕಠಿನವಾದ ಪಾಠ ಇನ್ನೊಂದುಂಟು. ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ತಿಳಿದು ಹೆಣ್ಣನ್ನು ಕಳೆಯುವ ಪಿಡುಗನ್ನು ತಡೆಯಲು ೧೯೯೪ರಲ್ಲಿ ಒಂದು ಕಾಯಿದೆ ಆಯಿತು. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ೧೯೯೧ರಲ್ಲಿ ೯೪೫ ಹೆಣ್ಣುಮಕ್ಕಳಿದ್ದರು; ೨೦೦೧ರಲ್ಲಿ ೯೨೭ಕ್ಕೆ ಇಳಿದರು. ಆಯ್ಕೆ ಹೆಂಗಸಿನದೇ ಎಂದು ಕಲಿಸಿದ ನಾವೇ ಇಲ್ಲಿ ಆಯ್ಕೆ ಕೂಡದೆನ್ನುವುದು ಹೇಗೆ ಎಂದು ವಿದ್ಯಾರ್ಥಿಗಳು ಪ್ರತಿವರ್ಷವೂ ಕೇಳುತ್ತಿದ್ದರು. ಅದಕ್ಕೆ ನಮ್ಮ ಸಮಾಧಾನ ಇದು. ಗರ್ಭವನ್ನು ಹೊರಬೇಕೆ ಬೇಡವೆ ಎಂಬುದು ಅವಳ ಬಾಳಿನ ಪ್ರಶ್ನೆ. ಹೆಣ್ಣಾದರೆ ಬೇಡವೆಂಬುದು ಬಹುಮಟ್ಟಿಗೆ ಅವಳ ಪ್ರಶ್ನೆಯೇ ಅಲ್ಲ. ಅವಳ ಕೈಯನ್ನು ಹಿಡಿದು ಬೇರೆಯವರು ಬರೆಸುವ ಉತ್ತರ. ಎರಡನೆಯ ಹೆಣ್ಣನ್ನು ಹೆತ್ತುದಕ್ಕಾಗಿ ತಟ್ಟೆಯ ಅನ್ನವನ್ನು ತಡವಾಗಿ ಕಂಡವಳ ರುಜುವನ್ನು ಸ್ವಾತಂತ್ರ್ಯದ ರುಜುವೆಂದು ಕರೆಯಲು ನಮಗೆ ಬಾಯಿ ಬಾರದು. ಈ ಸಮಾಧಾನ ಎಲ್ಲರಿಗೂ ಸಾಕೆನಿಸಲಿಲ್ಲ. ಸಾಕೆನಿಸದವರೇ ಮುಂದೆ ಒಳ್ಳೆಯ ವಕೀಲರಾದರು.

ಕಾಲಕ್ರಮದಲ್ಲಿ ನ್ಯಾಯಸ್ಥಾನಗಳ ಮಾತು ಸ್ಪಷ್ಟವಾಗುತ್ತ ಬಂದಿತು. ನಮ್ಮ ನಾಡಿನ ನಿವೃತ್ತ ನ್ಯಾಯಾಧೀಶ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ೨೦೧೭ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿ, ಸಂತಾನದ ವಿಷಯದ ಆಯ್ಕೆಯನ್ನೂ ಅದರೊಳಗೆ ಕಂಡಿತು. ೨೦೨೨ರ ಸೆಪ್ಟೆಂಬರ್ ೨೯ರಂದು, ದೆಹಲಿಯಲ್ಲಿದ್ದ ೨೫ ವರ್ಷದ ಅವಿವಾಹಿತೆಯೊಬ್ಬಳ ಪ್ರಕರಣದಲ್ಲಿ, ವಿವಾಹಿತೆಗೂ ಅವಿವಾಹಿತೆಗೂ ಭೇದವೆಣಿಸಲಾಗದೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಆ ಪೀಠದ ಮೂವರಲ್ಲಿ ಕೊಡಗಿನ ಎ.ಎಸ್. ಬೋಪಣ್ಣನವರೂ ಒಬ್ಬರು. ಕಾಯಿದೆಯಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹೇರಬಾರದು, ಗರ್ಭಿಣಿಯ ಒಪ್ಪಿಗೆಯೊಂದೇ ಮುಖ್ಯ ಎಂಬ ಮಾತು ಆ ತೀರ್ಪಿನಲ್ಲಿ ಅಚ್ಚಾಗಿದೆ. ಅದೇ ವರ್ಷದ ಜೂನಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೭೩ರಿಂದ ಅಲ್ಲಿ ನಡೆದುಬಂದಿದ್ದ ಹಕ್ಕನ್ನು ಹಿಂತೆಗೆದುಕೊಂಡಿತ್ತು. ಪಡೆದುದನ್ನು ಕಳೆದುಕೊಳ್ಳುವುದೂ ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಎಚ್ಚರಿಕೆ ಬೇಕಿಲ್ಲ. ನಮ್ಮಲ್ಲಿಯೂ ಎಲ್ಲವೂ ದೊರೆಯಿತೆಂದು ಬೀಗುವಂತಿಲ್ಲ. ರುಜು ಹೆಂಗಸಿನದಾದರೂ ಅಭಿಪ್ರಾಯ ಇಂದಿಗೂ ವೈದ್ಯರದೇ. ೨೦೨೩ರ ಅಕ್ಟೋಬರಿನಲ್ಲಿ, ಎರಡು ಮಕ್ಕಳ ತಾಯಿಯೊಬ್ಬಳು ತನ್ನ ೨೬ ವಾರಗಳ ಗರ್ಭವನ್ನು ತೆಗೆಸಲು ಅನುಮತಿ ಬೇಡಿದಾಗ, ಗಡಿಯನ್ನು ಮೀರಿದೆಯೆಂದು ಅದೇ ಸುಪ್ರೀಂ ಕೋರ್ಟು ನಿರಾಕರಿಸಿತು.

ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ನಾವು ಪರೀಕ್ಷೆಯ ಬದಲಾಗಿ ಒಂದು ಕೆಲಸವನ್ನು ಕೊಡುತ್ತಿದ್ದೆವು. ಇಂಗ್ಲಿಷಿನಲ್ಲಿದ್ದ ಒಪ್ಪಿಗೆಯ ಕಾಗದವೊಂದನ್ನು ತಿಳಿಗನ್ನಡಕ್ಕೆ ತಿರುಗಿಸಿ, ಮನೆಯಲ್ಲಿ ತಾಯಿಗೋ ಅಜ್ಜಿಗೋ ಓದಿ ಹೇಳಿ, ಅವರು ಕೇಳಿದ ಪ್ರಶ್ನೆಗಳನ್ನು ಬರೆದು ತರಬೇಕು. ಮೊದಮೊದಲು ಬರುತ್ತಿದ್ದ ಭಾಷಾಂತರಗಳನ್ನು ಪಂಡಿತರೂ ಬಿಡಿಸಲಾರರು. ಆದರೆ ಅಜ್ಜಿಯಂದಿರು ಬಲು ದೊಡ್ಡ ಪರೀಕ್ಷಕರು. “ಇಷ್ಟನ್ನೂ ಓದಿದ ಮೇಲೆ ಬೇಡವೆನ್ನಲು ಜಾಗ ಎಲ್ಲಿದೆ?” ಎಂದು ಧಾರವಾಡದ ಕಡೆಯ ಅಜ್ಜಿಯೊಬ್ಬರು ಮೊಮ್ಮಗನನ್ನು ಕೇಳಿದರಂತೆ. ಹುಡುಗನು ಕಾಗದವನ್ನು ಹಿಂದುಮುಂದು ತಿರುವಿ ನೋಡಿದನು. ಒಪ್ಪಿದ್ದೇನೆ ಎಂಬ ಸಾಲಿತ್ತು, ಒಪ್ಪುವುದಿಲ್ಲ ಎಂಬ ಸಾಲಿರಲಿಲ್ಲ. ಬೇಡವೆನ್ನಲು ಎಡೆಯಿಲ್ಲದ ಕಡೆ ಬೇಕೆಂದುದಕ್ಕೆ ಬೆಲೆಯೇನು? ನಾವು ಹದಿನೈದು ದಿನಗಳಲ್ಲಿ ಹೇಳುತ್ತಿದ್ದ ಪಾಠವನ್ನು ಆ ವೃದ್ಧೆ ಒಂದು ವಾಕ್ಯದಲ್ಲಿ ಮುಗಿಸಿದ್ದರು.

ಈ ಉದ್ಯೋಗದಿಂದ ನಮಗೆ ಐಶ್ವರ್ಯ ಬರಲಿಲ್ಲ. ನೆಂಟರ ಮದುವೆಗಳಲ್ಲಿ ನಮ್ಮ ವೃತ್ತಿಯ ಪ್ರಸ್ತಾಪ ಬಾರದಂತೆ ಹಿರಿಯರು ಎಚ್ಚರದಿಂದಿರುತ್ತಿದ್ದರು. ಆದರೆ ತಾಲ್ಲೂಕು ಕೇಂದ್ರವೊಂದರಲ್ಲಿ ವಕೀಲೆಯಾಗಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಕಾಗದ ಬರೆದಿದ್ದಾಳೆ. ಅಲ್ಲಿಯ ವೈದ್ಯರೊಡನೆಯೂ ದಾದಿಯರೊಡನೆಯೂ ಅವಳು ವರ್ಷದ ಉದ್ದಕ್ಕೂ ಮಾತನಾಡಿ, ಕಾಯಿದೆಯ ಆ ಒಂದು ಸಾಲನ್ನು ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆಸಿ ದಾಖಲೆಯ ಮೇಜಿನ ಹಿಂದಿನ ಗೋಡೆಗೆ ಹಾಕಿಸಿದ್ದಾಳಂತೆ. ನಮ್ಮ ಮಟ್ಟಿಗೆ ಅದು ಸನ್ಮಾನಕ್ಕಿಂತ ಮಿಗಿಲು.

ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೇ. ನಿಮ್ಮ ಮನೆಯ ಹೆಣ್ಣುಮಗಳ ಮುಂದೆ ಆಸ್ಪತ್ರೆಯ ಕಾಗದ ಬಂದಾಗ, ಅವಳಿಗೆ ತಿಳಿಯುವ ಮಾತಿನಲ್ಲಿ ಅದನ್ನು ಓದಿ ಹೇಳಿಸಿರಿ. ಏನನ್ನು ಮಾಡುತ್ತಾರೆ, ಏಕೆ ಮಾಡುತ್ತಾರೆ, ಬೇರೆ ಮಾರ್ಗವುಂಟೆ, ಮಾಡದಿದ್ದರೆ ಏನಾಗುತ್ತದೆ, ಈ ನಾಲ್ಕನ್ನು ಕೇಳಲು ಸಂಕೋಚಪಡಬೇಡಿರಿ. ಪ್ರಾಣಕ್ಕೆ ತತ್‌ಕ್ಷಣದ ಅಪಾಯವಿಲ್ಲದಿದ್ದರೆ ಒಂದು ರಾತ್ರಿ ಯೋಚಿಸಲು ಬಿಡಿರಿ. ಗಂಡಂದಿರೂ ಅತ್ತೆಯರೂ ಪಕ್ಕದಲ್ಲಿರಲಿ, ಧೈರ್ಯವನ್ನು ಹೇಳಲಿ, ವೆಚ್ಚವನ್ನು ಹೊರಲಿ. ಲೇಖನಿಯನ್ನು ಮಾತ್ರ ಅವಳ ಕೈಯಲ್ಲಿಯೇ ಇಡಿರಿ.